ಆಟೋರನ್ ಎಂಬ ತೆರೆದ ಬಾಗಿಲು

2009ರ ಬೇಸಿಗೆ ರಜೆಯಲ್ಲಿ ನಾವು ತೇನಿ ಜಿಲ್ಲೆಯ ಕಂಬಂಗೆ ಹೋಗಿದ್ದೆವು. ಆ ಕಣಿವೆಯ ಕಪ್ಪಿಲಿಯರು ಮನೆಯಲ್ಲಿ ಆಡುವುದು ಕನ್ನಡ, ಮಕ್ಕಳು ಶಾಲೆಯಲ್ಲಿ ಓದುವುದು ತಮಿಳು. ಅವರ ಕನ್ನಡ ಕೇಳುವುದೇ ಚೆಂದ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ಅಲ್ಲಿನ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಪೆನ್ ಡ್ರೈವ್ ಹಾಕಿದೆವು. ನುಡಿ ಫಾಂಟ್ ಇಲ್ಲದೆ ಅಕ್ಷರಗಳೆಲ್ಲ ಚಿತ್ರವಿಚಿತ್ರ. ಪ್ರಿಂಟ್ ಸಿಗಲಿಲ್ಲ, ವೈರಸ್ ಸಿಕ್ಕಿತು! ಅದೇ ಡ್ರೈವನ್ನು ಊರಿಗೆ ಬಂದು ಶಾಲೆಯ ಕಂಪ್ಯೂಟರಿಗೆ ಹಾಕಿದೆವು. ಕೊನೆಗೆ ಫಾರ್ಮ್ಯಾಟ್ ಮಾಡಿಸಬೇಕಾಯಿತು. ವಿದ್ಯಾರ್ಥಿವೇತನದ ಪಟ್ಟಿಯೂ ಹೋಯಿತು. ರಿಜಿಸ್ಟರ್ ನೋಡಿ ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು, ಒಂದು ಮಗುವಿನ ಹೆಸರೂ ಬಿಟ್ಟುಹೋಗಬಾರದಲ್ಲ.

ಇದಕ್ಕೆಲ್ಲ ಮೂಲ ಆಟೋರನ್ ಎಂಬ ಸೌಲಭ್ಯ. 1995ರಲ್ಲಿ ವಿಂಡೋಸ್ 95 ಜೊತೆ ಬಂದದ್ದು. ಸಿ.ಡಿ. ಹಾಕಿದರೆ ಸಾಕು, ಒಳಗಿನ ಪ್ರೋಗ್ರಾಂ ತಾನೇ ಶುರುವಾಗಬೇಕು ಎಂಬುದು ಉದ್ದೇಶ. ಅಂಗಡಿಯಿಂದ ತಂದ ಸಿ.ಡಿ.ಗೆ ಯಾರೂ ಏನನ್ನೂ ಸೇರಿಸಲಾರರು. ಪೆನ್ ಡ್ರೈವ್ ಹಾಗಲ್ಲ, ಯಾರು ಬೇಕಾದರೂ ಬರೆಯಬಹುದು. ವೈರಸ್ ತನ್ನ ಜೊತೆ 'ಆಟೋರನ್ ಡಾಟ್ ಐಎನ್‌ಎಫ್' ಎಂಬ ಪುಟ್ಟ ಕಡತ ಇಟ್ಟುಬಿಡುತ್ತಿತ್ತು. ನಾವು ಡ್ರೈವಿನ ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತೆರೆಯುತ್ತಿದ್ದುದು ವೈರಸ್!

ಮೇಷ್ಟ್ರುಗಳು ಮಾತ್ರ ಮೋಸ ಹೋದರೆಂದು ತಿಳಿಯಬೇಡಿ. 2008ರಲ್ಲಿ ಅಮೆರಿಕದ ಸೇನೆಯ ಜಾಲಕ್ಕೇ ಪಶ್ಚಿಮ ಏಷ್ಯಾದ ಒಂದು ನೆಲೆಯಲ್ಲಿ ಹಾಕಿದ ಪೆನ್ ಡ್ರೈವಿನಿಂದ ಹುಳು ಹೊಕ್ಕಿತು. ಅದೇ ನವೆಂಬರಿನಲ್ಲಿ ಸೇನೆ ಪೆನ್ ಡ್ರೈವ್‌ಗಳನ್ನೇ ನಿಷೇಧಿಸಿತು. ಅದೇ ತಿಂಗಳು ಕಾಣಿಸಿಕೊಂಡ ಕಾನ್‌ಫಿಕರ್ ಕೂಡ ಬೇಗನೆ ಈ ದಾರಿ ಹಿಡಿಯಿತು.

ಹಾಗಾದರೆ ಆಟೋರನ್ ಬಂದ್ ಮಾಡಿದರಾಯಿತಲ್ಲ? ಅಲ್ಲೇ ತಮಾಷೆ. ಮೈಕ್ರೋಸಾಫ್ಟ್ ಹೇಳಿದಂತೆ ರಿಜಿಸ್ಟ್ರಿ ಬದಲಿಸಿದರೂ ಅದು ಪೂರ್ತಿ ಬಂದ್ ಆಗುವುದಿಲ್ಲ ಎಂದು ಅಮೆರಿಕದ ಸರ್ಟ್ ಸಂಸ್ಥೆ 2009ರ ಜನವರಿ 20ರಂದು ಎಚ್ಚರಿಸಿತು. ಫೆಬ್ರವರಿಯಲ್ಲಿ ತಿದ್ದುಪಡಿ ಬಂತು. ಅದೇ ವರ್ಷ ಬಂದ ವಿಂಡೋಸ್ 7ರಲ್ಲಿ ಪೆನ್ ಡ್ರೈವಿಗೆ ಆ ಸವಲತ್ತನ್ನೇ ತೆಗೆದರು. ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೆ ಅದು ಮಾಮೂಲಿ ಅಪ್‌ಡೇಟ್ ಆಗಿ ತಲುಪಿದ್ದು 2011ರ ಫೆಬ್ರವರಿ 8ರಂದು. ಕೆಲವೇ ತಿಂಗಳಲ್ಲಿ ಆ ಜಾತಿಯ ವೈರಸ್‌ಗಳ ಹಾವಳಿ ಅರ್ಧಕ್ಕಿಂತ ಕೆಳಗಿಳಿಯಿತು. ಸಿ.ಡಿ.ಗೆ ಮಾತ್ರ ಸವಲತ್ತು ಉಳಿಸಿದರು.

ಇಂಟರ್‌ನೆಟ್ ಇಲ್ಲದ ನಮ್ಮ ಲ್ಯಾಬಿಗೆ ಅಪ್‌ಡೇಟ್ ಎಲ್ಲಿಂದ ಬರಬೇಕು? ಪೆನ್ ಡ್ರೈವ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿಯಿರಿ, ಡ್ರೈವನ್ನು ಕ್ಲಿಕ್ ಮಾಡದೆ ಎಡಗಡೆಯ ಫೋಲ್ಡರ್ ಪಟ್ಟಿಯಿಂದ ತೆರೆಯಿರಿ ಎಂದು ಮಕ್ಕಳಿಗೆ ಹೇಳಿಕೊಟ್ಟೆವು. ಕಿರುಪರೀಕ್ಷೆಯ ಪ್ರಶ್ನೆಗಳನ್ನು ಆ ಸಲ ಕಪ್ಪು ಹಲಗೆಯ ಮೇಲೆ ಬರೆದೇ ಕೊಟ್ಟೆವು.