ಸರಳ ನಿಯಮ, ದೀರ್ಘ ಪಯಣ



ಸರಳ ನಿಯಮದಿಂದ ಸರಳ ಫಲವೇ ದೊರೆಯುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆಯನ್ನು ಅಲುಗಾಡಿಸಿದ ಆಟವೊಂದರ ಇತಿಹಾಸವನ್ನು ನಿಮ್ಮ ಮುಂದಿಡಬಯಸುತ್ತೇನೆ.

1940ರ ದಶಕದಲ್ಲಿ ಹಂಗೇರಿ ಮೂಲದ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅಮೆರಿಕದಲ್ಲಿ ಒಂದು ಪ್ರಶ್ನೆಯನ್ನೆತ್ತಿದರು: ಯಂತ್ರವೊಂದು ತನ್ನಂತಹುದೇ ಇನ್ನೊಂದು ಯಂತ್ರವನ್ನು ನಿರ್ಮಿಸಬಲ್ಲುದೇ? ಇದನ್ನು ಚದುರಂಗದ ಹಾಸಿನಂತಹ ಚೌಕಗಳ ಜಾಲದ ಮೇಲೆ ವಿಚಾರಿಸುವಂತೆ ಅವರ ಸ್ನೇಹಿತ ಸ್ಟಾನಿಸ್ಲಾವ್ ಉಲಾಮ್ ಸೂಚಿಸಿದರು. ಹೀಗೆ ರೂಪುಗೊಂಡ ವಿನ್ಯಾಸದಲ್ಲಿ ಪ್ರತಿ ಚೌಕಕ್ಕೂ 29 ಸ್ಥಿತಿಗಳಿದ್ದವು.

ಕೇಂಬ್ರಿಡ್ಜ್‌ನ ಜಾನ್ ಕಾನ್ವೇ ಎರಡೇ ಸ್ಥಿತಿಗಳು ಸಾಕೆಂದರು: ಜೀವವಿದೆ, ಅಥವಾ ಇಲ್ಲ. ಪ್ರತಿ ಚೌಕಕ್ಕೂ ಸುತ್ತ ಎಂಟು ನೆರೆಚೌಕಗಳು. ಅವುಗಳಲ್ಲಿ ಎರಡು ಅಥವಾ ಮೂರು ಜೀವಂತವಾಗಿದ್ದರೆ ಜೀವವುಳ್ಳ ಚೌಕ ಉಳಿಯುತ್ತದೆ, ಇಲ್ಲವಾದರೆ ಅಳಿಯುತ್ತದೆ. ಬರಿದಾದ ಚೌಕದ ಸುತ್ತ ಸರಿಯಾಗಿ ಮೂರು ಜೀವಂತವಾಗಿದ್ದರೆ ಅಲ್ಲಿ ಹೊಸ ಜೀವ ಹುಟ್ಟುತ್ತದೆ. ನಿಯಮ ಇಷ್ಟೇ. 1970ರ ಅಕ್ಟೋಬರ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಈ 'ಜೀವನದ ಆಟ'ವನ್ನು ಲೋಕಕ್ಕೆ ಪರಿಚಯಿಸಿದರು.

ಚೌಕಾಕಾರವಾಗಿ ಕೂಡಿದ ನಾಲ್ಕು ಜೀವಂತ ಮನೆಗಳು ಎಂದೆಂದಿಗೂ ಹಾಗೆಯೇ ನಿಲ್ಲುತ್ತವೆ. ಆದರೆ 'ಆರ್' ಅಕ್ಷರವನ್ನು ಹೋಲುವಂತೆ ಐದು ಮನೆಗಳನ್ನಿಟ್ಟು ನೋಡಿ! ಕಾನ್ವೇ ಮತ್ತು ಅವರ ಸಂಗಡಿಗರು ಕೈಯಿಂದಲೇ ನೂರಾರು ಹೆಜ್ಜೆಗಳವರೆಗೆ ಅದನ್ನು ಹಿಂಬಾಲಿಸಿದರೂ ಕೊನೆ ಕಾಣಲಿಲ್ಲ. ಅದು ಶಾಂತವಾಗುವುದು 1103ನೆಯ ಹೆಜ್ಜೆಯಲ್ಲಿ, 116 ಜೀವಂತ ಮನೆಗಳನ್ನು ಉಳಿಸಿ ಎಂಬುದನ್ನು ಕಂಪ್ಯೂಟರ್ ತೋರಿಸಿತು. ಇಂತಹ ಯಾವುದೇ ವಿನ್ಯಾಸದ ಗತಿಯನ್ನು ಮೊದಲೇ ಹೇಳಬಲ್ಲ ಸರ್ವಸಾಮಾನ್ಯ ವಿಧಾನವೇ ಇರಲಾರದೆಂಬುದೂ ಮುಂದೆ ಸಿದ್ಧವಾಯಿತು. ನಿಯಮವನ್ನು ರಚಿಸಿದವರೂ ಹೆಜ್ಜೆ ಹೆಜ್ಜೆಯಾಗಿ ನಡೆದೇ ನೋಡಬೇಕು.

ಕಾನ್ವೇ 2020ರ ಏಪ್ರಿಲ್ 11ರಂದು, ಪವಿತ್ರ ಶನಿವಾರದ ದಿನ, ಕೋವಿಡ್‌ನಿಂದ ನಿಧನರಾದರು. ಅವರ ಆಟವನ್ನು ದೇವರ ಅಸ್ತಿತ್ವಕ್ಕೆ ಪುರಾವೆಯೆನ್ನುವುದೂ ತರವಲ್ಲ, ನಿರಾಕರಣೆಯೆನ್ನುವುದೂ ತರವಲ್ಲ. ಆದರೆ ನಮ್ಮ ದುಡುಕಿಗೆ ಅದು ಕಡಿವಾಣ ಹಾಕಬಲ್ಲದು. ಸ್ವಾತಂತ್ರ್ಯವಿಲ್ಲದ ಐದು ಚೌಕಗಳ ಭವಿಷ್ಯವನ್ನೇ ಮುಂಚಿತವಾಗಿ ಹೇಳಲಾಗದಿದ್ದರೆ, ಸ್ವತಂತ್ರ ಮನಸ್ಸುಳ್ಳ ಮಗುವೊಂದನ್ನು ಕುರಿತು "ಇವನು ಇಷ್ಟೇ" ಎಂದು ತೀರ್ಪಿಡಲು ನಾವು ಯಾರು? ಬಿತ್ತಿದವನಿಗೂ ಬೀಜ ಬೆಳೆಯುವ ಪರಿ ತಿಳಿಯದೆಂಬ ಸಾಮತಿಯನ್ನು ಮಾರ್ಕನ ಶುಭಸಂದೇಶದಲ್ಲಿ ಓದಿದ್ದೇವೆ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವವರ ಪಯಣ ಇನ್ನೂ ಎಷ್ಟನೆಯ ಹೆಜ್ಜೆಯಲ್ಲಿದೆಯೋ! ತಾಳ್ಮೆಯಿಂದ ಅವರ ಜೊತೆಗೆ ನಡೆಯೋಣ.