ಮೊದಲ ಡಿಕಾಕ್ಷನ್ ಯಾರ ಪಾಲಿಗೆ?

ಬೆಳಗಿನ ಐದೂವರೆ ಗಂಟೆ. ಪೇಪರಿನ ಹುಡುಗ ಇನ್ನೂ ಬಂದಿಲ್ಲ. ಬೀದಿಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ದೀಪ ಮಾತ್ರ ಹತ್ತಿದೆ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಬೀಳುತ್ತದೆ, ಕುದಿದ ನೀರು ಬೀಳುತ್ತದೆ, ಮುಚ್ಚಳ ಮುಚ್ಚುತ್ತದೆ. ಅಲ್ಲಿಂದ ಮುಂದಿನ ಕಾಲು ಗಂಟೆ ಅವಸರ ಮಾಡಿ ಪ್ರಯೋಜನವಿಲ್ಲ. ಡಿಕಾಕ್ಷನ್ ತೊಟ್ಟು ತೊಟ್ಟಾಗಿಯೇ ಇಳಿಯಬೇಕು.

ಹಳೆ ಮೈಸೂರು ಪ್ರಾಂತದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದು ಅನಾದಿ ಕಾಲದಿಂದ ನಡೆದುಬಂದ ಪದ್ಧತಿ ಎನಿಸಿದರೆ ಆಶ್ಚರ್ಯವಿಲ್ಲ. ಕಾಫಿ ಇಲ್ಲದೆ ಬೆಳಗಾಗುವುದಾದರೂ ಹೇಗೆ ಎಂದು ಕೇಳುವವರೇ ಹೆಚ್ಚು. ಆದರೆ ಇತಿಹಾಸ ಹೇಳುವುದು ಬೇರೆ. ಕಾಫಿ ಗಿಡ ನಮ್ಮ ಬೆಟ್ಟಗಳಿಗೆ ಬಂದು ಮೂರು ಶತಮಾನಗಳಿಗೂ ಹೆಚ್ಚಾಯಿತು. ಕಾಫಿ ಲೋಟ ನಮ್ಮ ಮನೆಗಳ ಬೆಳಗಿಗೆ ಬಂದದ್ದು ಮಾತ್ರ ಮೊನ್ನೆ ಮೊನ್ನೆ, ಎಷ್ಟೋ ಕುಟುಂಬಗಳಲ್ಲಿ ಮೂರು ತಲೆಮಾರಿನ ಈಚೆಗೆ. ಗಿಡ ಬಂದ ಮೇಲೆ ಲೋಟ ಬರಲು ಇಷ್ಟು ಕಾಲ ಏಕೆ ಹಿಡಿಯಿತು? ಉತ್ತರ ಹುಡುಕಹೊರಟರೆ ಮತ್ತೊಂದು ಪ್ರಶ್ನೆ ಹೆಜ್ಜೆ ಹೆಜ್ಜೆಗೂ ಎದುರಾಗುತ್ತದೆ. ಈ ಬೆಳೆಯ ಮೊದಲ ಪಾಲು ಯಾರಿಗೆ ಸಂದಿತು?

ರಾತ್ರಿಯ ಎಚ್ಚರಕ್ಕೆ

ಕಾಫಿ ಪಾನೀಯವಾದದ್ದು ಬೆಳಗಿಗಾಗಿ ಅಲ್ಲ, ರಾತ್ರಿಗಾಗಿ. ಅರೇಬಿಕಾ ಕಾಫಿ ಗಿಡದ ತವರು ಇಥಿಯೋಪಿಯ. ಕೆಂಪು ಸಮುದ್ರದ ಆಚೆ ದಡದ ಯೆಮನ್ ದೇಶದಲ್ಲಿ 15ನೇ ಶತಮಾನದ ಸೂಫಿಗಳು ಇರುಳಿನ ಪ್ರಾರ್ಥನೆಯಲ್ಲಿ ನಿದ್ದೆ ತೂಗದಿರಲೆಂದು ಇದರ ಕಷಾಯ ಕುಡಿಯುತ್ತಿದ್ದರು. ಅಲ್ಲಿನ ಮೋಕಾ ಬಂದರು ಮುಂದೆ ಕಾಫಿ ವ್ಯಾಪಾರಕ್ಕೆ ಜಗತ್ಪ್ರಸಿದ್ಧವಾಯಿತು.

17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಹಜ್ ಯಾತ್ರೆಯಿಂದ ಮರಳುವಾಗ ಮೋಕಾದಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಬೀಜ ಏಳೋ ಎಂಟೋ, ಆ ಬೆಟ್ಟಸಾಲಿಗೆ ಅವರ ಹೆಸರೇ ನಿಂತಿತು. ಅಲ್ಲಿಂದ ಒಂದೂವರೆ ಶತಮಾನ ಕಾಫಿ ಬೆಟ್ಟದ ಆಸುಪಾಸಿನ ಹಿತ್ತಿಲ ಗಿಡವಾಗಿಯೇ ಉಳಿಯಿತು.

ಆಗಿನ ಕನ್ನಡನಾಡಿನ ಬೆಳಗು ಕಾಫಿಗೆ ಕಾಯುತ್ತಿರಲಿಲ್ಲ. ಬಯಲುಸೀಮೆಯ ರೈತ ರಾಗಿ ಅಂಬಲಿ ಕುಡಿದು, ಇಲ್ಲವೇ ರಾತ್ರಿ ಉಳಿದ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಉಂಡು ಹೊಲಕ್ಕೆ ಹೋಗುತ್ತಿದ್ದ. ಕರಾವಳಿಯಲ್ಲಿ ಗಂಜಿ, ಉತ್ತರದಲ್ಲಿ ರೊಟ್ಟಿ. ಮಲೆನಾಡಿನಲ್ಲಿ ಜೀರಿಗೆ, ಕೊತ್ತಂಬರಿ ಹಾಕಿ ಕುದಿಸಿದ ಕಷಾಯ. ಹೊಟ್ಟೆ ತುಂಬಿಸುವುದು ಬೆಳಗಿನ ಕೆಲಸವಾಗಿತ್ತೇ ಹೊರತು ಎಚ್ಚರಿಸುವುದಲ್ಲ.

ಬೆಳೆದದ್ದು ಇಲ್ಲಿ, ಕುಡಿದದ್ದು ಅಲ್ಲಿ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮಲೆನಾಡಿನ ಮೇಲೆ ಇಂಗ್ಲಿಷರ ಕಣ್ಣು ಬಿತ್ತು. 19ನೇ ಶತಮಾನದಲ್ಲಿ ಚಿಕ್ಕಮಗಳೂರು, ಹಾಸನದ ಮಂಜರಾಬಾದ್, 1834ರಲ್ಲಿ ಕಂಪನಿಯ ವಶವಾದ ಕೊಡಗು, ಹೀಗೆ ಒಂದಾದ ಮೇಲೊಂದು ಕಡೆ ಕಾಡು ಕಡಿದು ತೋಟಗಳೆದ್ದವು. ಬೆಳೆದ ಬೀಜ ಘಟ್ಟ ಇಳಿದು ಮಂಗಳೂರು, ತಲಶ್ಶೇರಿ ಬಂದರುಗಳಲ್ಲಿ ಹಡಗು ಹತ್ತುತ್ತಿತ್ತು. ಗಿಡ ನೆಟ್ಟ, ಹಣ್ಣು ಕುಯ್ದ, ಮೂಟೆ ಹೊತ್ತ ಕೈಗಳಿಗೆ ಆ ಬೀಜದ ರುಚಿ ಗೊತ್ತಿರಬೇಕೆಂದೇನೂ ಇರಲಿಲ್ಲ.

1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನೇ ನೆಲಕಚ್ಚಿಸಿತು. ತೋಟದ ಮಾಲೀಕರು ಚಹಾದ ಕಡೆ ತಿರುಗಿದರು. ಇಲ್ಲಿಯೂ ತುಕ್ಕು ರೋಗ ಮತ್ತು ಕಾಂಡಕೊರಕ ಹುಳು ಸಾಕಷ್ಟು ಹಾನಿ ಮಾಡಿದವು. ಆದರೂ ನೆರಳು ಮರಗಳ ಅಡಿಯಲ್ಲಿ ಕಾಫಿ ಉಳಿದುಕೊಂಡಿತು. ರೋಗ ನಿರೋಧಕ ತಳಿಗಳ ಹುಡುಕಾಟಕ್ಕಾಗಿ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರವೂ ಆರಂಭವಾಯಿತು.

ಈ ಹೊತ್ತಿಗೆ ಪಟ್ಟಣಗಳಲ್ಲಿ ಕಾಫಿಯ ರುಚಿ ಹತ್ತತೊಡಗಿತ್ತು. ಕಚೇರಿಯ ಗಂಟೆಗೆ ಬದುಕು ಹೊಂದಿಸಿಕೊಂಡ ವಕೀಲರು, ಗುಮಾಸ್ತರು, ಮೇಷ್ಟರುಗಳ ಮನೆಗಳಿಗೆ ಅದು ಮೊದಲು ಬಂತು. ಹತ್ತು ಗಂಟೆಗೆ ಮುಂಚೆ ಊಟ ಮುಗಿಸಿ ಹೊರಡಬೇಕಾದವರಿಗೆ ಎದ್ದೊಡನೆ ಏನಾದರೂ ಬೇಕಲ್ಲ! ಸ್ನಾನ ಪೂಜೆ ಮುಗಿಯದೆ ಬಾಯಿಗೆ ಅಗುಳು ಹಾಕದ ಮನೆಗಳಲ್ಲೂ ಕಾಫಿಗೆ ಮಾತ್ರ ಹೇಗೋ ರಿಯಾಯಿತಿ ದೊರಕಿತು.

ಊರಿನಲ್ಲಿ ಕಾಫಿ ಕ್ಲಬ್ಬುಗಳು, ಹೋಟೆಲುಗಳು ತೆರೆದವು. ಆದರೆ ಅಲ್ಲಿಯೂ ಮೊದಲ ಪಾಲಿನ ಪ್ರಶ್ನೆ ಇತ್ತು. ಬ್ರಾಹ್ಮಣರಿಗೆ ಪ್ರತ್ಯೇಕ ಜಾಗ ಕಾಯ್ದಿರಿಸಿದ ಹೋಟೆಲುಗಳಿದ್ದವು. ದಲಿತರಿಗೆ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಕೊಡುವ ಪದ್ಧತಿ ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ, ಹೋಟೆಲು, ಅಂಗಡಿಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ವಿಧಿಸಿತು. ಕಾನೂನು ಬಂದ ಮೇಲೂ ಎರಡು ಲೋಟದ ಪದ್ಧತಿ ಹಳ್ಳಿಗಳಲ್ಲಿ ದಶಕಗಳ ಕಾಲ ಉಳಿಯಿತೆಂಬುದನ್ನು ಮರೆಯುವಂತಿಲ್ಲ.

ಹಡಗು ಹತ್ತದ ಬೀಜ

ಕಾಫಿ ಸಾಮಾನ್ಯರ ಮನೆ ಹೊಕ್ಕ ಕಥೆಯ ಹಿಂದೆ ಎರಡು ಜಾಗತಿಕ ವಿಪತ್ತುಗಳಿವೆ. 1929ರಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತದಿಂದ ಕಾಫಿಯ ಬೆಲೆ ಪಾತಾಳಕ್ಕಿಳಿಯಿತು. ಹೊರಗೆ ಕೊಳ್ಳುವವರಿಲ್ಲದಿದ್ದರೆ ಒಳಗೇ ಹುಡುಕಬೇಕು. 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂತು. ಆ ಸುಂಕದ ಹಣದಲ್ಲಿ ಪ್ರಚಾರ ಆರಂಭವಾಗಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು.

1939ರಲ್ಲಿ ಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆಯ ಬಾಗಿಲೇ ಮುಚ್ಚಿತು. ಗೋದಾಮುಗಳಲ್ಲಿ ಬೀಜ ಉಳಿಯಿತು. ಬೆಳೆಗಾರರನ್ನು ಕಾಪಾಡಲು 1940ರಲ್ಲಿ ಸುಗ್ರೀವಾಜ್ಞೆ ಹೊರಡಿಸಲಾಯಿತು. 1942ರ ಕಾಯಿದೆಯೊಂದಿಗೆ ಕಾಫಿ ಬೋರ್ಡ್ ಗಟ್ಟಿಯಾಗಿ ನಿಂತಿತು. ಬೆಳೆಗಾರರು ತಮ್ಮ ಬೆಳೆಯನ್ನೆಲ್ಲ ಬೋರ್ಡಿನ ಸಾಮೂಹಿಕ ದಾಸ್ತಾನಿಗೆ ಒಪ್ಪಿಸಬೇಕು. ಅದನ್ನು ಎಲ್ಲಿ ಮಾರಬೇಕು, ಹೇಗೆ ಮಾರಬೇಕು ಎಂಬುದು ಬೋರ್ಡಿಗೆ ಸೇರಿದ್ದು. ತಮ್ಮ ತೋಟದ ಬೀಜವನ್ನು ಮನೆಬಳಕೆಗೆ ಇಟ್ಟುಕೊಳ್ಳುವುದಕ್ಕೂ ಮಿತಿ ಇತ್ತು.

ಹೀಗೆ ಹೊರದೇಶಕ್ಕೆಂದು ಬೆಳೆದ ಬೀಜ, ಹಡಗು ಸಿಗದ ಕಾರಣಕ್ಕೆ, ನಮ್ಮ ಅಡುಗೆಮನೆಯ ಹಾದಿ ಹಿಡಿಯಿತು ಎಂದರೆ ತಪ್ಪಾಗಲಾರದು. ಈ ಒಪ್ಪಿಸುವ ಪದ್ಧತಿ ಅರ್ಧ ಶತಮಾನ ನಡೆದು, 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಯಾಯಿತು.

ಹಾಲು ಮತ್ತು ಚಿಕೋರಿ

ಬೀಜವೊಂದಿದ್ದರೆ ನಮ್ಮ ಕಾಫಿ ಆಗುವುದಿಲ್ಲ, ಹಾಲೂ ಬೇಕು. ಹಸು ಕಟ್ಟಿದವರ ಮನೆಯಲ್ಲಿ, ಹಾಲಿನವಳು ವರ್ತನೆಗೆ ಹಾಕುತ್ತಿದ್ದ ಮನೆಯಲ್ಲಿ ಬೆಳಗಿನ ಕಾಫಿ ಸುಲಭ. ಉಳಿದವರಿಗೆ ಅದು ಹಬ್ಬದ, ನೆಂಟರು ಬಂದ ದಿನದ ಮಾತು. 1965ರಲ್ಲಿ ಬೆಂಗಳೂರು ಡೇರಿ, 1970ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಹರಡಿದ ಹಾಲು ಉತ್ಪಾದಕರ ಸಹಕಾರ ಸಂಘಗಳು, ಮುಂದೆ ನಂದಿನಿ ಪ್ಯಾಕೆಟ್ಟು, ಇವು ಬಂದ ಮೇಲೆಯೇ ನಗರದ ಸಣ್ಣ ಸಂಬಳದ ಮನೆಗೂ ನಿತ್ಯದ ಕಾಫಿ ಕೈಗೆಟುಕಿದ್ದು.

ಚಿಕೋರಿಯದೂ ಕೊರತೆಯ ಕಾಲದ ಕಥೆಯೇ. ನೆಪೋಲಿಯನ್ನನ ಯುದ್ಧಗಳಿಂದ ಕಾಫಿ ದುರ್ಲಭವಾದಾಗ ಫ್ರಾನ್ಸಿನವರು ಈ ಗಿಡದ ಬೇರನ್ನು ಹುರಿದು ಪುಡಿ ಮಾಡಿ ಬೆರೆಸಿದರು. ಕೊರತೆ ಹೋದರೂ ರುಚಿ ಉಳಿಯಿತು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅದು ಕೊಡುವುದು ಬಣ್ಣ, ಮಂದ ಮತ್ತು ತುಸು ಸಿಹಿ ಕಲೆತ ಕಹಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕೆಂಬುದು ನಮ್ಮ ದೇಶದ ನಿಯಮ. ಪ್ಯಾಕೆಟ್ಟಿನ ಮೇಲೆ ಪ್ರಮಾಣ ಮುದ್ರಿಸಿರುತ್ತಾರೆ. ಓದಿ ಕೊಳ್ಳುವುದು ಒಳ್ಳೆಯದು.

ಚರಟದ ಕಾಫಿ

ಹಾಗಾದರೆ ಮನೆಯ ಒಳಗೆ ಮೊದಲ ಪಾಲು ಯಾರಿಗಿತ್ತು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಎಂಬತ್ತು ದಾಟಿದ ನಮ್ಮ ಅಜ್ಜಿಯಿಂದ. ಅವರು ಮದುವೆಯಾಗಿ ಬಂದದ್ದು ಸಕಲೇಶಪುರದ ಕಡೆಯ ಹಳ್ಳಿಗೆ. ಸುತ್ತಲೂ ಕಾಫಿ ತೋಟ. ಮನೆಯಲ್ಲಿ ಕಲಾಯಿ ಹಾಕಿದ ಹಿತ್ತಾಳೆ ಫಿಲ್ಟರು. ಎಲ್ಲರಿಗಿಂತ ಮೊದಲೆದ್ದು ಒಲೆ ಹೊತ್ತಿಸಿ ಡಿಕಾಕ್ಷನ್ ಇಳಿಸುತ್ತಿದ್ದವರು ಅವರೇ.

‘ಮೊದಲ್ನೇ ಡಿಕಾಕ್ಷನ್ನು ಗಂಡಸರಿಗೆ, ಬಂದೋರಿಗೆ. ಅದೇ ಚರಟಕ್ಕೆ ಇನ್ನೊಂದ್ಸಲ ನೀರು ಹಾಕಿ ಇಳಿದದ್ದು ನಮಗೆ. ತೋಟದ ಆಳುಗಳಿಗೆ ಅದನ್ನೇ ಬೆಲ್ಲ ಹಾಕಿ ಕುದಿಸಿ ಕೊಡ್ತಿದ್ವಿ. ಬೇಜಾರು ಅಂತ ಯಾರಂದ್ರು ಮಗಾ? ಕಾಫಿ ಅಂದ್ರೆ ಅದೇ ಅಂದ್ಕೊಂಡಿದ್ವಿ’ ಎಂದರು ಅಜ್ಜಿ.

ಚರಟ ಎಂದರೆ ಫಿಲ್ಟರಿನಲ್ಲಿ ಉಳಿಯುವ ಪುಡಿ. ಅಜ್ಜಿಯ ಮಾತು ಕೇಳಿದ ಮೇಲೆ ಇಡೀ ಕಾಫಿ ಇತಿಹಾಸವೇ ಆ ಒಂದು ಫಿಲ್ಟರಿನಲ್ಲಿ ಕಂಡಂತಾಯಿತು. ಒಳ್ಳೆಯ ಬೀಜ ಲಂಡನ್ನಿಗೆ, ಉಳಿದದ್ದು ಇಲ್ಲಿಗೆ. ಮೊದಲ ಡಿಕಾಕ್ಷನ್ ಜಗಲಿಗೆ, ಚರಟದ್ದು ಒಲೆಯ ಮುಂದಿನವರಿಗೆ. ಮನೆಯ ಉಳಿದವರಿಗೆ ಕಾಫಿ ಬೆಳಗಿನ ಸುಖವಾಗಬೇಕಾದರೆ ಒಬ್ಬಳಿಗೆ ಅದು ಬೆಳಗಿನ ಕೆಲಸವಾಗಬೇಕಿತ್ತು.

ರಾತ್ರಿಯೇ ಶುರುವಾಗಲಿ

ಇಂದು ಆ ಅಸಹಾಯಕತೆ ಇಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಅರ್ಧಕ್ಕಿಂತ ಹೆಚ್ಚು ಈಗಲೂ ರಫ್ತಾಗುತ್ತದೆ ಎಂಬುದು ನಿಜ. ಆದರೆ ಒಳ್ಳೆಯ ಬೀಜ ನಮ್ಮೂರಿನ ಪುಡಿ ಅಂಗಡಿಯಲ್ಲೂ ಸಿಗುತ್ತದೆ. ಸಾಮಾನ್ಯವಾಗಿ ಹಣ್ಣೊಂದರಲ್ಲಿ ಎರಡು ಬೀಜಗಳಿರುತ್ತವೆ, ಒಂದೇ ದುಂಡು ಬೀಜ ಕಟ್ಟಿದರೆ ಅದು ಪೀಬೆರಿ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ ‘ಪ್ಲಾಂಟೇಷನ್’. ಹಣ್ಣನ್ನು ಹಾಗೆಯೇ ಒಣಗಿಸಿದ್ದು ‘ಚೆರಿ’. ಇಷ್ಟು ತಿಳಿದಿದ್ದರೆ ಅಂಗಡಿಯಲ್ಲಿ ಬೇಕಾದ್ದನ್ನು ಕೇಳಿ ಪಡೆಯಬಹುದು.

ಹುರಿದ ಬೀಜವನ್ನು ಪುಡಿ ಮಾಡಿದೊಡನೆ ಘಮ ಹಾರಿಹೋಗಲು ಶುರುವಾಗುತ್ತದೆ. ಆದ್ದರಿಂದ ವಾರಕ್ಕಾಗುವಷ್ಟೇ ಪುಡಿ ತಂದು, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಫಿಲ್ಟರಿನಲ್ಲಿ ಪುಡಿಯನ್ನು ಹಗುರವಾಗಿ ಒತ್ತಬೇಕು. ಹೆಚ್ಚು ಒತ್ತಿದರೆ ನೀರು ಇಳಿಯದು, ಒತ್ತದಿದ್ದರೆ ಸತ್ವ ಬಿಡುವ ಮೊದಲೇ ಇಳಿದುಹೋಗುತ್ತದೆ. ಕುದಿ ಬಂದ ನೀರನ್ನು ಕ್ಷಣ ಬಿಟ್ಟು ಹಾಕಿದರೆ ಸಾಕು. ಹಾಲನ್ನು ಕಾಯಿಸಿ ಡಿಕಾಕ್ಷನ್ನಿಗೆ ಬೆರೆಸಬೇಕೇ ವಿನಾ ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು. ಪುಡಿಯ ಒಳ್ಳೆಯ ಸತ್ವವೆಲ್ಲ ಮೊದಲ ನೀರಿಗೇ ಬಂದಿರುತ್ತದೆ. ಎರಡನೆಯದಕ್ಕೆ ಉಳಿಯುವುದು ತೆಳು ಬಣ್ಣ ಮತ್ತು ಕಹಿ. ಅಜ್ಜಿ ‘ಕಾಫಿ ಅಂದ್ರೆ ಅದೇ’ ಎಂದುಕೊಂಡಿದ್ದು ಇದನ್ನೇ.

ಬೆಳಗಿನ ಗಡಿಬಿಡಿ ತಪ್ಪಿಸಬೇಕೆಂದರೆ ಇನ್ನೊಂದು ಉಪಾಯವಿದೆ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಫಿಲ್ಟರಿಗೆ ಪುಡಿ ಹಾಕಿ ಮುಚ್ಚಿಟ್ಟುಬಿಟ್ಟರೆ ಬೆಳಿಗ್ಗೆ ಎದ್ದವರು ನೀರು ಕಾಯಿಸಿ ಹಾಕಿದರಾಯಿತು. ಆ ಎದ್ದವರು ಅಮ್ಮನೇ, ಹೆಂಡತಿಯೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಡಿಕಾಕ್ಷನ್ ಇಳಿಯುವ ಕಾಲು ಗಂಟೆ ಬಾಗಿಲಿಗೆ ನೀರು ಹಾಕಲು, ಗಿಡ ನೋಡಲು, ಸುಮ್ಮನೆ ಕುಳಿತುಕೊಳ್ಳಲು ಸಾಕಷ್ಟಾಯಿತು.

ನಮ್ಮ ಮನೆಯಲ್ಲಿ ಈಚೆಗೆ ಭಾನುವಾರದ ಪಾಳಿ ನನ್ನದು. ಕೈ ಇನ್ನೂ ಪಳಗಿಲ್ಲ, ಒಮ್ಮೊಮ್ಮೆ ಪುಡಿ ಹೆಚ್ಚಾಗುತ್ತದೆ. ಮೊದಲ ಡಿಕಾಕ್ಷನ್ನಿನ ಮೊದಲ ಲೋಟ ಅಜ್ಜಿಗೆ. ಮೊದಲ ಸಲ ಕೊಟ್ಟಾಗ ಅವರು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎರಡು ಸಲ ಸುರಿದು, ಒಂದು ಗುಟುಕು ಕುಡಿದು, ‘ಸ್ವಲ್ಪ ಸ್ಟ್ರಾಂಗಾಯ್ತು’ ಎಂದರು. ಲೋಟ ಮಾತ್ರ ಖಾಲಿಯಾಗಿತ್ತು.