ಮೆಡಿಕಲ್‌ ಶಾಪ್‌ನವರು ಮಾತ್ರೆ ಬರೆದುಕೊಡಬಹುದಾ? ಫಾರ್ಮ್‌ ಡಿ ಓದಿದವರಿಗೆ ಏನು ಅಧಿಕಾರ?

ಕುಂಸಿ: ಜ್ವರ, ಕೆಮ್ಮು ಬಂದ್ರೆ ನೇರವಾಗಿ ಮೆಡಿಕಲ್‌ ಶಾಪ್‌ಗೆ ಹೋಗಿ ‘ಏನಾದ್ರೂ ಮಾತ್ರೆ ಕೊಡಿ’ ಅನ್ನೋದು ನಮ್ಮ ಕಡೆ ರೂಢಿ. ಕೊಡೋರಿಗೂ, ತಗೊಳ್ಳೋರಿಗೂ ಗೊತ್ತಿರಬೇಕಾದ ಮಾಹಿತಿ ಇಲ್ಲಿದೆ.

ಫಾರ್ಮ್‌ ಡಿ ಅಂದರೇನು?
2008ರಲ್ಲಿ ಭಾರತೀಯ ಫಾರ್ಮಸಿ ಕೌನ್ಸಿಲ್‌ ಜಾರಿಗೆ ತಂದ ಕೋರ್ಸ್‌. ಪಿಯುಸಿ ನಂತರ 6 ವರ್ಷ. ಬಿ.ಫಾರ್ಮ್‌ ಮುಗಿಸಿದವರಿಗೆ 3 ವರ್ಷ. ಕೊನೆಯ ವರ್ಷ ಇಂಟರ್ನ್‌ಶಿಪ್‌.

ಇವರು ಚೀಟಿ ಬರೆಯಬಹುದಾ?
ಇಲ್ಲ. ಫಾರ್ಮ್‌ ಡಿ ಪಡೆದರೂ ನಮ್ಮ ದೇಶದಲ್ಲಿ ಸ್ವಂತವಾಗಿ ಔಷಧ ಬರೆಯುವ ಅಧಿಕಾರ ಸಿಗುವುದಿಲ್ಲ. ಬ್ರಿಟನ್‌ನಲ್ಲಿ 2006ರಿಂದ ಅವಕಾಶವಿದೆ. ಆದರೆ ಅಲ್ಲಿ ಅದಕ್ಕೆ ತರಬೇತಿ ಮುಗಿಸಬೇಕು. ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕನಿಷ್ಠ 90 ಗಂಟೆ ಕೆಲಸ ಕಲಿಯಬೇಕು.

ಅಂಗಡಿಯವರು ಗಮನಿಸಿ
ಶೆಡ್ಯೂಲ್‌ ಎಚ್‌, ಎಚ್‌1 ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಹಲವು ಆಂಟಿಬಯೋಟಿಕ್‌ಗಳು ಇದರಲ್ಲೇ ಬರುತ್ತವೆ. ಎಚ್‌1 ಔಷಧ ಕೊಟ್ಟಾಗ ವೈದ್ಯರು, ರೋಗಿ, ಔಷಧದ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಈ ನಿಯಮ ಇದೆ.

ಗ್ರಾಹಕರು ಏನು ಕೇಳಬಹುದು?
ಮಾತ್ರೆ ಊಟಕ್ಕೆ ಮೊದಲಾ, ಆಮೇಲಾ? ಎಷ್ಟು ದಿನ? ಬಿಪಿ, ಶುಗರ್‌ ಮಾತ್ರೆ ಜೊತೆ ತಗೋಬಹುದಾ? ಇದನ್ನೆಲ್ಲ ಫಾರ್ಮಸಿಸ್ಟ್‌ ಹತ್ತಿರ ಧಾರಾಳವಾಗಿ ಕೇಳಿ. ವಿವರಿಸಿ ಹೇಳೋದು ಅವರ ಕೆಲಸ. ಆದರೆ ಯಾವ ಕಾಯಿಲೆ, ಯಾವ ಔಷಧ ಅನ್ನೋದನ್ನು ತೀರ್ಮಾನಿಸಬೇಕಾದವರು ವೈದ್ಯರು. ಬೇಕಿಲ್ಲದಾಗ ಆಂಟಿಬಯೋಟಿಕ್‌ ನುಂಗಿದರೆ, ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡದೇ ಹೋಗಬಹುದು.